ಡೋಣಿಯ ಮಕ್ಕಳ ತೂಕ

"ನನ್ನ ಹುಡುಗ್ರು ಬೆಳದಿಲ್ಲ ಅಂತ ನಿಮ್ಮ ಕಂಪ್ಯೂಟರ ಹೇಳತೈತಿ. ನೀವೂ ಹಂಗ ಅಂತೀರೇನ್ರಿ?" ಬೀರವ್ವ ತೂಕದ ರಜಿಸ್ಟರನ್ನು ಸಾಯಿಮಾಳ ಲ್ಯಾಪ್‌ಟಾಪಿನ ಮುಂದೆ ಇಟ್ಟಳು.

ಡೋಣಿ ಎಂಬ ಊರಿನ ಅಂಗನವಾಡಿಯಲ್ಲಿ ಹದಿನೆಂಟು ವರ್ಷ ಮಕ್ಕಳನ್ನು ತೂಗಿದ ಕೈ ಅದು. ಲ್ಯಾಪ್‌ಟಾಪಿನ ಪಟ್ಟಿಯಲ್ಲಿ, ಮೂರು ತಿಂಗಳಲ್ಲಿ ಏರಿದ ತೂಕ ಎಂಬಲ್ಲಿ ಇಪ್ಪತ್ತೆರಡೂ ಮಕ್ಕಳ ಮುಂದೆ ಸೊನ್ನೆ ಕಿಲೋ ಎಂದಿತ್ತು. ಮಧ್ಯಾಹ್ನ ಮುಂಡರಗಿಯಲ್ಲಿ ನಡೆಯುವ ಅಂಗನವಾಡಿಯವರ ಸಭೆಯಲ್ಲಿ ಆ ಪಟ್ಟಿಯನ್ನು ಎಲ್ಲರೆದುರು ಓದುವವರಿದ್ದರು. ಪಟ್ಟಿಯ ಸಾಫ್ಟ್‌ವೇರ್ ಬರೆದವಳು ಗದಗಿನ ಸಂಸ್ಥೆಯೊಂದರ ಸಾಯಿಮಾ.

ಅರ್ಧ ಗಂಟೆ ಹುಡುಕಿ ತಪ್ಪು ಸಿಕ್ಕಾಗ ಅವಳ ಮುಖ ಬಿಸಿಯಾಯಿತು. ಉಳಿದ ಊರಿನವರು ತೂಕವನ್ನು ಕಿಲೋದಲ್ಲಿ, ದಶಾಂಶದ ಚುಕ್ಕಿ ಇಟ್ಟು ಬರೆಯುತ್ತಿದ್ದರು. ಚುಕ್ಕಿ ಕಣ್ಣಿಗೆ ಕಾಣುವುದಿಲ್ಲವೆಂದು ಬೀರವ್ವ ಹಟ ಹಿಡಿದದ್ದಕ್ಕೆ ಡೋಣಿಯೊಂದಕ್ಕೇ ಗ್ರಾಂ ಲೆಕ್ಕ ಮಾಡಿಕೊಟ್ಟವಳು ಸಾಯಿಮಾಳೇ.

"ತಪ್ಪು ನಂದರಿ, ಅಕ್ಕಾರ. ಭಾಗಾಕಾರ ಮಾಡಾಕ ಡೇಟಾಬೇಸನ್ಯಾಗ ಒಂದ ಹೆಸರಿನ ಇಬ್ಬರು ಅದಾರ. ಒಬ್ಬಾಂವ ಪೂರ್ಣ ಸಂಖ್ಯೆದಾಂವ, ಇನ್ನೊಬ್ಬಾಂವ ದಶಾಂಶದಾಂವ. ಯಾರನ್ನ ಕರೀಬೇಕು ಅನ್ನೂದನ್ನ ಅದು ನಾವು ಕೊಟ್ಟ ಅಂಕಿ ನೋಡಿ ಆರಸತೈತಿ. ನಿಮ್ಮ ಗ್ರಾಂ ಪೂರ್ಣ ಸಂಖ್ಯೆ, ಕಿಲೋ ಮಾಡಾಕ ನಾ ಹಾಕಿದ ಸಾವಿರನೂ ಪೂರ್ಣ. ಮೊದಲನೇದಾಂವ ಬಂದ, ಅವಗ ಚುಕ್ಕಿ ಮುಂದಿಂದು ಲೆಕ್ಕಕ್ಕಿಲ್ಲ, ಕಿಲೋ ತುಂಬಿಲ್ಲ ಅಂತ ಸೊನ್ನಿ ಬರದು ಹೋದ."

ಬೀರವ್ವ ಮೂಲೆಯತ್ತ ನೋಡಿದಳು. ಕೂಸುಗಳನ್ನು ಚೀಲದಲ್ಲಿ ಕೂಡಿಸಿ ತೂಗುವ ತಕ್ಕಡಿ ಅಲ್ಲಿತ್ತು, ಅದರ ಕೆಳಗೆ ಬಸುರಿಯರು ನಿಲ್ಲುವ ತಕ್ಕಡಿ.

"ನಾವೂ ಮಂದಿ ನೋಡೇ ತಕ್ಕಡಿ ಆರಸ್ತೀವ್ರಿ. ದೊಡ್ಡದರ ಮ್ಯಾಲೆ ಹಸುಗೂಸು ಇಟ್ರ ಮುಳ್ಳು ಅಲುಗೂದಿಲ್ಲ. ಅದಕ್ಕ ಕೂಸು ಇಲ್ಲಂದಂಗಾತೇನು?"

ಇಷ್ಟು ಚೊಕ್ಕವಾಗಿ ಕಾಲೇಜಿನಲ್ಲೂ ಯಾರೂ ಅವಳಿಗೆ ಪಾಠ ಹೇಳಿರಲಿಲ್ಲ. ಸಾಯಿಮಾ ಸಾವಿರದ ಮುಂದೆ ಚುಕ್ಕಿ, ಸೊನ್ನೆ ಇಟ್ಟು ಅದನ್ನು ದಶಾಂಶ ಮಾಡಿದಳು. ಸೊನ್ನೆಗಳೆಲ್ಲ ಹೋಗಿ ಒಬ್ಬೊಬ್ಬರ ಮುಂದೆ ಅವರವರ ಏರಿದ ತೂಕ ಬಂತು.

"ಆತ್ರಿ. ಇನ್ನ ಯಾರಿಗೂ ಗೊತ್ತಾಗೂದಿಲ್ಲ."

"ಗೊತ್ತಾಗಬೇಕ್ರಿ. ಸೊನ್ನಿ ಖಬರ ಆಗಲೇ ಎಲ್ಲಾರ ಫೋನಿಗೂ ಹೋಗೈತಿ," ಎಂದಳು ಬೀರವ್ವ.

ಮಧ್ಯಾಹ್ನ ಸಭೆಯಲ್ಲಿ ಸಾಯಿಮಾ ಎದ್ದು, ತಪ್ಪು ತನ್ನದೆಂದು ಮೈಕಿನಲ್ಲೇ ಹೇಳಿದಳು. ಬೀರವ್ವನ ಪಕ್ಕ ನಿಂತದ್ದಕ್ಕೆ ಅವಳಿಗೆ ಹೆಮ್ಮೆಯೇ ಆಯಿತು. ಅವಳು ಡೋಣಿಯ ಸರಾಸರಿ ಓದಲು ಹೊರಟರೆ ಬೀರವ್ವ ಮೈಕು ಇಸಿದುಕೊಂಡಳು. ಸರಾಸರಿ ಅವಳಿಗೆ ಸಾಲದು.

"ಹೊನ್ನೇಶ, ಏಳುನೂರಾ ಹತ್ತು ಗ್ರಾಂ ಏರ್ಯಾನ. ಗುಲ್ನಾಜ, ಆರುನೂರಾ ಎಂಬತ್ತು. ಕನಕರಾಜ, ಜ್ವರ ಬಂದಿತ್ತು, ಆದ್ರೂ ನಾಕನೂರು."

ಕಾಗದ ನೋಡದೆ ಹೇಳುತ್ತಾ ಹೋದಳು. ಹದಿನಾಲ್ಕನೆಯ ಹೆಸರಿಗೆ ಚಹಾ ಬಂತು. ತಂದವನು ಇಪ್ಪತ್ತೆರಡೂ ಹೆಸರು ಮುಗಿಯುವವರೆಗೆ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತ.