ಗಡಿಯಾರದ ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆ

ನಾನು ಓದಲು ಕೂತರೆ ಹೊಲಿಗೆ ಮಷೀನುಗಳು ತಾವಾಗಿಯೇ ನಿಂತುಬಿಡುತ್ತವೆ. ಮಧ್ಯಾಹ್ನದ ಊಟವಾದ ಮೇಲೆ ಕರೆಂಟು ಉಳಿಸಲು ಮಾಲೀಕರೇ ಸ್ವಿಚ್ಚು ಆರಿಸುತ್ತಾರೆ ಎಂದು ಕೆಲವು ಹೊಟ್ಟೆಕಿಚ್ಚಿನವರು ಹೇಳಿಕೊಂಡು ತಿರುಗುತ್ತಾರೆ. ಅವರ ಮಾತಿಗೆ ಕಿವಿಗೊಡಬೇಡಿ.

ಆ ಹೊತ್ತು ನಮ್ಮ ಅಂಗಿ ಕಾರ್ಖಾನೆಯಲ್ಲಿ ಕೈಕೆಲಸದ ಹೊತ್ತು. ಬೆಳಗಿನಿಂದ ಹೊಲಿದ ಅಂಗಿಗಳಿಗೆ ಗುಂಡಿ ಹಚ್ಚುವುದು, ಗುಂಡಿ ತೂರುವ ಕಾಜ ಎತ್ತುವುದು, ಜೋತಾಡುವ ದಾರದ ತುದಿ ಕತ್ತರಿಸುವುದು. ಕಾಜ ಎತ್ತುವುದರಲ್ಲಿ ನನ್ನನ್ನು ಮೀರಿಸುವವನು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ಆದರೂ ಆ ಒಂದು ಗಂಟೆ ನನಗೆ ಸೂಜಿಯಿಂದ ಬಿಡುಗಡೆ. ಎತ್ತರದ ಸ್ಟೂಲಿನ ಮೇಲೆ ಕೂತು ಎಲ್ಲರಿಗೂ ಕಾದಂಬರಿ ಓದಿ ಹೇಳುವುದು ನನ್ನ ಕೆಲಸ. ಒಂದು ಅಧ್ಯಾಯ ಮುಗಿದ ಕೂಡಲೇ ಪ್ರತಿಯೊಬ್ಬರೂ ಅಭಿಪ್ರಾಯ ಹೇಳಲೇಬೇಕು, ಅದು ಕಾನೂನು. ಸುಮ್ಮನಿದ್ದವರು ಮಾರನೇ ದಿನ ಎಲ್ಲರ ಸೂಜಿಗೂ ದಾರ ಪೋಣಿಸಿಕೊಡಬೇಕು. ಕೊನೆಯ ಮಾತು ನನ್ನ ಅಕ್ಕನದು. ಅದರ ಮೇಲೆ ಅಪೀಲು ಇಲ್ಲ.

ಅಕ್ಕ ನಮ್ಮಲ್ಲಿ ಬಟ್ಟೆ ಕತ್ತರಿಸುವವಳು. ಮೇಜಿನ ಮೇಲೆ ಗುಡ್ಡದಂತೆ ಹಾಸಿದ ಬಟ್ಟೆಯನ್ನು ಒಂದೇ ಉಸಿರಿಗೆ ಸೀಳಿಕೊಂಡು ಹೋಗುತ್ತಾಳೆ. ಕತ್ತರಿ ಎತ್ತುವ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾಳೆ. ಆಗ ಮಾಲೀಕರು ಕರೆದರೂ ದೇವರ ಸರದಿ ಮುಗಿದ ಮೇಲೆಯೇ ಅವರ ಸರದಿ. ಭಾವ ಹೋದ ಮೇಲೆ ಒಬ್ಬಳೇ ಮಗಳನ್ನು ಸಾಕಿದ್ದು ಆ ಕತ್ತರಿ ಮತ್ತು ಆ ಪ್ರಾರ್ಥನೆ. ಮಗಳನ್ನು ನಾವೆಲ್ಲ ಗಿಣಿ ಎನ್ನುತ್ತೇವೆ. ಹುಟ್ಟಿದಾಗಿನಿಂದ ಬಾಯಿಗೆ ಬೀಗವಿಲ್ಲ. ನನ್ನ ಪಕ್ಕದಲ್ಲೇ ಕೂತು ಗುಂಡಿ ಹಚ್ಚುತ್ತಾಳೆ.

ಅಂಥ ಗಿಣಿ ಒಂದು ವಾರದಿಂದ ಮಾತೇ ಆಡದೆ ಇದ್ದು, ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದು ನಿಲ್ಲಿಸಿದಳು. ಕೈಯಲ್ಲಿ ರಟ್ಟು ಕಿತ್ತ ಒಂದು ಕಾದಂಬರಿ.

"ಮಾವ, ಇವತ್ತಿಂದ ಇದನ್ನು ಓದು."

"ಏನಿದೆ ಇದರಲ್ಲಿ?"

"ಪ್ರಾರ್ಥನಾ ಮಂದಿರದಲ್ಲಿ ದೀಪ ಹಚ್ಚೋ ಹುಡುಗಿ. ಗಡಿಯಾರ ರಿಪೇರಿ ಮಾಡೋ ಹುಡುಗ. ಅವನ ದೇವರು ಬೇರೆ." ಅವಳು ಕೆಳಗೆ ನೋಡಿದಳು. "ಆ ಹುಡುಗಿ ಬಗ್ಗೆ ಅಮ್ಮ ಏನಂತಾಳೆ ಅಂತ ಕೇಳಬೇಕು ನನಗೆ."

ನನ್ನ ಬುದ್ಧಿಯ ವೇಗ ನಿಮಗೆ ಗೊತ್ತಿಲ್ಲ. ಮಿಂಚು ನನ್ನ ಹತ್ತಿರ ಪಾಠ ಹೇಳಿಸಿಕೊಂಡು ಹೋಗಬೇಕು. "ಯಾರೇ ಅವನು?" ಎಂದೆ.

"ಇಸ್ತ್ರಿಯವನು."

ನಮ್ಮ ಹೊಲಿಗೆ ಹಾಲಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಇಸ್ತ್ರಿ ಮಾಡುವ ಹುಡುಗ! ತಲೆ ತಗ್ಗಿಸಿಕೊಂಡು ಬರುತ್ತಾನೆ, ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ಅವನ ಮನೆಯವರು ಹೋಗುವುದು ನಮ್ಮ ಬೀದಿಯ ಆ ತುದಿಯ ಮಂದಿರಕ್ಕೆ, ನಾವು ಹೋಗುವುದು ಈ ತುದಿಯದಕ್ಕೆ. ಎರಡರ ನಡುವೆ ನಡೆದರೆ ನಾಲ್ಕು ಮಾರು. ಆದರೆ ನಮ್ಮ ಕುಲದಲ್ಲಿ ಆ ನಾಲ್ಕು ಮಾರು ದಾಟಿದವರು ಇನ್ನೂ ಇಲ್ಲ.

"ಅವನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ ಮಾವ. ಶನಿವಾರ ಸಂಜೆ ಬಸ್ಸಿಗೆ ಹೊರಡ್ತಾನೆ. ಅಮ್ಮ ಆ ಪುಸ್ತಕದ ಹುಡುಗಿನ ಕ್ಷಮಿಸಿದರೆ ನಾನು ಅಮ್ಮನಿಗೆ ಎಲ್ಲ ಹೇಳ್ತೀನಿ. ಇಲ್ಲ ಅಂದ್ರೆ ಹೇಳದೇ ಅವನ ಜೊತೆ ಹೋಗ್ತೀನಿ. ನೀನು ಬಾಯಿ ಬಿಟ್ಟರೆ ಇವತ್ತೇ ಹೋಗ್ತೀನಿ."

ಹೀಗೆ ನನ್ನ ಹುಚ್ಚು ಸೊಸೆ ತನ್ನ ಬದುಕನ್ನು ನನ್ನ ನಾಲಿಗೆಯ ಮೇಲೆ ಇಟ್ಟುಬಿಟ್ಟಳು. ಇಟ್ಟ ಜಾಗವೇನೋ ಸರಿಯಾದದ್ದೇ ಅನ್ನಿ.

ಸೋಮವಾರ ಓದಿದೆ. ದೀಪದ ಹುಡುಗಿ ಮಂದಿರದ ಗಡಿಯಾರ ಕೆಟ್ಟಿತೆಂದು ಅವನ ಅಂಗಡಿಗೆ ಹೋಗುತ್ತಾಳೆ, ಅವನು ಕಣ್ಣಿಗೆ ಸಿಕ್ಕಿಸಿದ ಭೂತಗಾಜಿನಿಂದಲೇ ಅವಳನ್ನು ನೋಡುತ್ತಾನೆ. ಅಷ್ಟೇ.

ಮೂಲೆಯಲ್ಲಿ ಗುಂಡಿ ಹಚ್ಚುವ ಗುಂಡಿ ಅಜ್ಜಿ ಕೇಳಿದಳು, "ಮುತ್ತು ಕೊಟ್ಟನಾ?"

"ಇನ್ನೂ ಹೆಸರೇ ಕೇಳಿಲ್ಲ ಅಜ್ಜಿ."

"ಹಾಗಾದ್ರೆ ಇಷ್ಟು ಹಾಳೆ ಯಾಕೆ ದಂಡ ಮಾಡಿದ?"

ಕಾಲರು ಹೊಲಿಯುವ ಕಾಲರಕ್ಕ ಮೂಗು ಮುರಿದಳು. ನಮ್ಮ ಮಂದಿರದ ಮೊದಲ ಸಾಲಿನ ಜಾಗ ಅವಳದು, ಅಲ್ಲಿ ಬೇರೆಯವರು ಕೂತರೆ ದೇವರಿಗೂ ಸಿಟ್ಟು ಬರುತ್ತದೆ. "ದೇವರ ದೀಪ ಹಚ್ಚೋ ಕೈ ಯಾವನದೋ ಕೈ ಹಿಡಿದರೆ ದೀಪ ಏನಾಗಬೇಕು?"

ಎಲ್ಲರೂ ಅಕ್ಕನ ಕಡೆ ನೋಡಿದರು. ಗಿಣಿ ಮಾತ್ರ ಗುಂಡಿಯ ಕಡೆ ನೋಡುತ್ತಿದ್ದಳು. ಅಕ್ಕ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತ, "ಹುಡುಗಿ ಚುರುಕಾಗಿದ್ದಾಳೆ. ಮುಂದೆ ನೋಡೋಣ" ಎಂದಳು.

ಗಿಣಿ ಉಸಿರು ಬಿಟ್ಟಳು. ಆ ಉಸಿರಿಗೆ ನನ್ನ ಪುಸ್ತಕದ ಹಾಳೆ ತಾನೇ ಮಗುಚಿಕೊಂಡಿತು.

ಬುಧವಾರದವರೆಗೂ ನಮ್ಮ ದೋಣಿ ಚೆನ್ನಾಗಿಯೇ ಸಾಗಿತು. ಗುರುವಾರ ಕೆಟ್ಟಿತು. ದೀಪದ ಹುಡುಗಿ ಅಮ್ಮನ ಹತ್ತಿರ ಮಂದಿರದ ದೀಪ ತೊಳೆಯಲು ಹೋಗುತ್ತೇನೆ ಎಂದು ಹೇಳಿ ಗಡಿಯಾರದ ಅಂಗಡಿಯಲ್ಲಿ ಕೂತಿದ್ದಳು. ನಾನು ಓದಿ ಮುಗಿಸುವ ಮುಂಚೆಯೇ ಅಕ್ಕ ತಲೆ ಎತ್ತಿದಳು.

"ದೇವರ ಹೆಸರು ಹೇಳಿಕೊಂಡು ಸುಳ್ಳಾಡಿದಳಲ್ಲ, ಮುಗೀತು. ಇನ್ನು ಇವಳ ಮೇಲೆ ನನಗೆ ಕನಿಕರ ಇಲ್ಲ."

"ಪಾಪ, ಹೆದರಿದ್ದಾಳಕ್ಕ," ಎಂದೆ.

"ಯಾರಿಗೆ? ಹೆತ್ತವಳಿಗಾ? ಅವಳೇನು ಹುಲಿಯಾ?"

ಪಕ್ಕದಲ್ಲಿ ಗಿಣಿಯ ಸೂಜಿ ಬೆರಳಿಗೆ ಚುಚ್ಚಿತು. ಬಿಳಿ ಅಂಗಿಯ ಮೇಲೆ ಕೆಂಪು ಚುಕ್ಕಿ ಅರಳಿತು. "ಏನೇ ಹುಡುಗಿ, ಗಮನ ಎಲ್ಲಿದೆ?" ಎಂದಳು ಕಾಲರಕ್ಕ. ಅವಳ ಕಣ್ಣಿಗೆ ಬೀಳದೇ ಹೋದದ್ದು ಈ ಪ್ರಪಂಚದಲ್ಲಿ ಏನೂ ಇಲ್ಲ.

ಸಂಜೆ ಮೆಟ್ಟಿಲ ಮೇಲೆ ಗಿಣಿ ನನ್ನ ಮುಖ ನೋಡಲಿಲ್ಲ. "ತೀರ್ಪು ಬಂತಲ್ಲ ಮಾವ. ಶನಿವಾರ ಹೋಗ್ತೀನಿ."

"ಇನ್ನೂ ಎರಡು ಓದು ಬಾಕಿ ಇದೆ ಕಣೇ. ನಿಮ್ಮಮ್ಮನ ಕಣ್ಣಲ್ಲಿ ನೀರು ಹರಿಸದಿದ್ದರೆ ನನ್ನ ನಾಲಿಗೆ ಕಿತ್ತು ಗುಂಡಿಯ ಡಬ್ಬಿಗೆ ಹಾಕು."

ಮನೆಗೆ ಹೋಗಿ ಮುಂದಿನ ಅಧ್ಯಾಯಗಳನ್ನು ಮೊದಲೇ ಓದಿಕೊಂಡೆ. ಆ ಗಡಿಯಾರದವನು ಶುದ್ಧ ಸಪ್ಪೆ ಆಸಾಮಿ. ಮುಖ ಗಂಟು ಹಾಕಿಕೊಂಡು ಕೂರುವುದು ಬಿಟ್ಟರೆ ಅವನಿಗೆ ಬೇರೆ ಕಸುಬೇ ಇಲ್ಲ. ಇವನಿಗಾಗಿ ಹುಡುಗಿ ಮನೆ ಬಿಡುತ್ತಾಳೆಂದರೆ ಅಕ್ಕ ಪುಸ್ತಕವನ್ನೇ ಕತ್ತರಿಗೆ ಕೊಡುತ್ತಾಳೆ. ಬರೆದವನಿಗೆ ಕೈಲಾಗದಿದ್ದರೆ ಓದುವವನು ಸುಮ್ಮನಿರಬೇಕೇ?

ಶುಕ್ರವಾರ ಅವನನ್ನು ನಾನೇ ಹೊಸದಾಗಿ ಹೊಲಿದೆ. ಪುಸ್ತಕದಲ್ಲಿ ಇಲ್ಲದ ಮಾತನ್ನು ಇದ್ದ ಹಾಗೆ ಓದುವುದು ಸುಲಭವಲ್ಲ, ಕಣ್ಣು ಸಾಲಿನ ಮೇಲೆ ಓಡುತ್ತಲೇ ಇರಬೇಕು. ಅವಳು ಮಂದಿರದೊಳಗೆ ಪ್ರಾರ್ಥಿಸುತ್ತಿದ್ದರೆ ಅವನು ಹೊರಗೆ ಸುಡುವ ಬಿಸಿಲಲ್ಲಿ ಅವಳ ಕೊಡೆ ಮಡಚಿಕೊಂಡೇ ನಿಂತಿದ್ದ, ಅವಳ ಕೊಡೆಯ ನೆರಳು ಅವಳಿಗೇ ಸೇರಲಿ ಎಂದು. "ನಿನ್ನ ದೇವರನ್ನು ಬಿಟ್ಟು ಬಾ ಅಂತ ನಾನು ಯಾವತ್ತೂ ಕೇಳಲ್ಲ" ಎಂದ. ಗುಂಡಿ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಕಾಲರಕ್ಕ ಕೂಡ ದಾರ ಹಲ್ಲಿನಲ್ಲಿ ಕಚ್ಚಿಕೊಂಡು ಮರೆತಳು. ಅಕ್ಕ, "ಹುಡುಗ ತೂಕದವನು. ಮೊದಲು ಹೀಗಿರಲಿಲ್ಲವಲ್ಲ?" ಎಂದಳು.

"ಪ್ರೀತಿ ಬದಲಾಯಿಸುತ್ತಕ್ಕ," ಎಂದೆ.

ಶನಿವಾರ ಬಂತು. ಗಿಣಿ ಬೆಳಗಿನಿಂದ ಗೋಡೆಯ ಗಡಿಯಾರ ನೋಡುತ್ತಿದ್ದಳು. ಇಸ್ತ್ರಿ ಕೋಣೆಯ ಬಾಗಿಲು ತೆರೆದೇ ಇತ್ತು. ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಓಡುವ ಚುಸ್ ಸದ್ದು ಬರುತ್ತಿತ್ತು. ಊಟ ಮುಗಿಯಿತು, ಮಷೀನುಗಳು ನಿಂತವು. ನನಗೆ ಆವೇಶ ಬಂದಿತ್ತು. ಇವತ್ತು ಅಕ್ಕನನ್ನು ಕರಗಿಸಿಯೇ ತೀರಬೇಕು. ಓದುತ್ತಾ ಓದುತ್ತಾ ಪುಸ್ತಕ ಎಲ್ಲೋ, ನಾನೆಲ್ಲೋ.

"ಅವಳ ಅಮ್ಮನನ್ನು ನೋಡಲು ಹೊರಡುವ ಮುಂಚೆ ಅವನು ತನ್ನ ಒಂದೇ ಒಂದು ಒಳ್ಳೆಯ ಅಂಗಿಯನ್ನು ಹಾಸಿದ," ಎಂದು ದನಿ ಇಳಿಸಿದೆ. "ಇಸ್ತ್ರಿ ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ತಂದು ಕಾವು ನೋಡಿದ. ಎಡಗೈಯಿಂದ ಕಾಲರು ಸವರಿ, ಎರಡು ಸಲ ಉಫ್ ಉಫ್ ಎಂದು ಊದಿ, ಆಮೇಲೆ..."

ಗುಂಡಿ ಅಜ್ಜಿ ಕೇಳಿದಳು, "ಗಡಿಯಾರದ ಅಂಗಡಿಗೆ ಇಸ್ತ್ರಿ ಪೆಟ್ಟಿಗೆ ಎಲ್ಲಿಂದ ಬಂತೋ?"

ಆಗಲೇ ನನಗೆ ಗೊತ್ತಾಯಿತು, ನನ್ನ ಕಣ್ಣು ಪುಸ್ತಕ ಬಿಟ್ಟು ಎಲ್ಲಿತ್ತೆಂದು. ತೆರೆದ ಬಾಗಿಲಾಚೆ ಹುಡುಗ ನಮ್ಮ ಕಡೆ ಬೆನ್ನು ಹಾಕಿ ನಿಂತಿದ್ದ. ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ತಂದ. ಎಡಗೈಯಿಂದ ಕಾಲರು ಸವರಿದ. ಉಫ್, ಉಫ್.

ಹಾಲಿನಲ್ಲಿ ಇದ್ದವರೆಲ್ಲ ಅದನ್ನು ನೋಡಿದರು. ನೋಡಿ, ಗಿಣಿಯನ್ನು ನೋಡಿದರು. ಅವಳ ಮುಖ ಕೈಯಲ್ಲಿದ್ದ ಅಂಗಿಗಿಂತ ಬಿಳುಪಾಗಿತ್ತು.

ಅಕ್ಕನ ಕತ್ತರಿ ನಿಂತಿತು. ಬಟ್ಟೆಯ ನಡುವೆ! ಅವಳು ಶುರು ಮಾಡಿದ ಕತ್ತರಿಯನ್ನು ಅಂಚು ಮುಟ್ಟುವ ತನಕ ನಿಲ್ಲಿಸಿದವಳಲ್ಲ. ನಿಲ್ಲಿಸಿದರೆ ಕೆಳಗಿನ ಪದರಗಳೆಲ್ಲ ಹಲ್ಲು ಹಲ್ಲಾಗಿ ಕೆಡುತ್ತವೆ. ಕೆಟ್ಟವು. ಅವಳು ನೋಡಲೂ ಇಲ್ಲ.

"ಅಭಿಪ್ರಾಯ ಹೇಳಿ," ಎಂದಳು. "ಕಾನೂನಲ್ಲವಾ? ಹೇಳಿ ಎಲ್ಲರೂ."

"ನನಗೆ ಇವತ್ತು ಕಿವಿ ಸರಿಯಾಗಿ ಕೇಳಿಸಲಿಲ್ಲಮ್ಮ," ಎಂದಳು ಗುಂಡಿ ಅಜ್ಜಿ. ಪಕ್ಕದ ಬೀದಿಯ ಪಿಸುಮಾತು ಕೇಳಿಸಿಕೊಳ್ಳುವ ಕಿವಿ ಅದು.

ಕಾಲರಕ್ಕ ಸೂಜಿ ಕೆಳಗಿಟ್ಟಳು. "ನಾನು ಹೇಳ್ತೀನಿ. ನಂಬಿಕೆ ಅಂದ್ರೆ ಅಂಗಿಯ ಕಾಲರಲ್ಲ, ಸವೆಯಿತು ಅಂತ ಬಿಚ್ಚಿ ತಿರುಗಿಸಿ ಹೊಲಿಯೋಕೆ. ಹುಟ್ಟಿದ ಮಂದಿರಕ್ಕೆ ಬೆನ್ನು ಹಾಕಿದವಳು ನಾಳೆ ಗಂಡನಿಗೂ ಹಾಕ್ತಾಳೆ. ಪುಸ್ತಕದವಳ ಮಾತು ಹೇಳಿದೆ ನಾನು."

"ಗೊತ್ತಾಯ್ತು," ಎಂದಳು ಅಕ್ಕ. ನನ್ನ ಕಡೆ ಕೈ ಚಾಚಿದಳು. "ಕೊಡೋ ಇಲ್ಲಿ ಪುಸ್ತಕ."

ಕೊಟ್ಟೆ. ಸಿಂಹದ ಬಾಯಿಗೆ ಕೈ ಹಾಕು ಎಂದರೆ ಹಾಕುವ ಧೈರ್ಯ ನನ್ನದು, ಆದರೂ ಆ ಕ್ಷಣ ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡದ್ದು ನಿಜ. ಅಕ್ಕ ಕನ್ನಡಕ ಏರಿಸಿ ಆ ಅಧ್ಯಾಯವನ್ನು ಬೆರಳಿಟ್ಟು ನೋಡಿದಳು. ಇಸ್ತ್ರಿ ಇರಲಿಲ್ಲ. ಹಿಂದಿನ ಅಧ್ಯಾಯಕ್ಕೆ ಹೋದಳು. ಕೊಡೆಯೂ ಇರಲಿಲ್ಲ. ನನ್ನನ್ನು ಒಂದು ಸಲ ನೋಡಿದಳು. ಆ ನೋಟದಲ್ಲೇ ಇಸ್ತ್ರಿ ಮಾಡಬಹುದಿತ್ತು. ಆಮೇಲೆ ನೇರ ಕೊನೆಯ ಪುಟ ತೆಗೆದು ತಾನೇ ಗಟ್ಟಿಯಾಗಿ ಓದಿದಳು. ಬೆಳಗಿನ ಜಾವ ದೀಪದ ಹುಡುಗಿ ಬಾಗಿಲು ತೆಗೆದು ಹೋಗುತ್ತಾಳೆ. ಅಮ್ಮ ಮಲಗಿದ್ದಾಳೆ.

"ಇದರಲ್ಲಿ ಆ ಅಮ್ಮ ಎಲ್ಲಿದ್ದಾಳೋ?" ಎಂದು ನನ್ನನ್ನು ಕೇಳಿದಳು.

"ಮಲಗಿದ್ದಾಳೆ ಅಂತ ಬರೆದಿದೆಯಲ್ಲಕ್ಕ."

"ಬರೆದವನು ಇಡೀ ಪುಸ್ತಕ ಅವಳನ್ನು ಮಲಗಿಸಿಯೇ ಇಟ್ಟಿದ್ದಾನೆ. ಒಂದು ಮಾತಿಲ್ಲ ಅವಳದ್ದು." ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು. "ನನ್ನ ಅಭಿಪ್ರಾಯ ಹೇಳ್ತೀನಿ. ಹುಡುಗಿ ಪ್ರೀತಿ ಮಾಡಿದ್ದಕ್ಕೆ ನನ್ನ ಜಗಳ ಅಲ್ಲ. ಜಗಳ ಇದೆ, ಆದರೆ ಅದು ಆಮೇಲಿನದು. ಅಮ್ಮನನ್ನು ಕೇಳದೇ ಅಮ್ಮನ ಉತ್ತರ ಇವಳೇ ಬರೆದುಕೊಂಡಳಲ್ಲ, ಅದಕ್ಕೆ. ಆ ಹೆಂಗಸು ಅಳ್ತಿದ್ದಳೋ, ಹೊಡೀತಿದ್ದಳೋ, ಬೇಡ ಅಂತಿದ್ದಳೋ. ಅಂತೂ ಏನೋ ಒಂದು ಮಾಡ್ತಿದ್ದಳು! ಎದ್ದು ನೋಡಿದಾಗ ಮಾಡೋಕೆ ಏನೂ ಉಳಿದಿಲ್ಲ. ಖಾಲಿ ಹಾಸಿಗೆ ಹತ್ರ ಏನಂತ ಬೈಯಬೇಕು ಅವಳು?"

ಗಿಣಿ ಎದ್ದು ನಿಂತಳು. ಮಡಿಲಿನ ಅಂಗಿ ಜಾರಿ ಬಿತ್ತು, ಗುಂಡಿಗಳು ಉರುಳಿದವು.

"ಅಮ್ಮ, ನನ್ನದೊಂದು ಮಾತಿದೆ."

"ಹೇಳು."

"ಇಲ್ಲಿ... ಎಲ್ಲರ ಎದುರಾ?"

"ಎಲ್ಲರಿಗೂ ಗೊತ್ತಾಗಿದೆ. ನನಗೊಬ್ಬಳಿಗೆ ನೀನು ಹೇಳಿಲ್ಲ."

ಹೇಳಿದಳು. ಇಸ್ತ್ರಿಯವನ ಮಾತು, ಹೊಸ ಊರಿನ ಮಾತು, ಸಂಜೆಯ ಬಸ್ಸಿನ ಮಾತು. ತಾನೂ ಹತ್ತಬೇಕೆಂದಿದ್ದ ಮಾತು. "ಮಂದಿರಕ್ಕೆ ಹೋಗೋದು ನಾನು ಬಿಡಲ್ಲಮ್ಮ. ಅವನೂ ಬಿಡು ಅಂದಿಲ್ಲ," ಎಂದಳು.

"ಬೇಡ," ಎಂದಳು ಅಕ್ಕ.

ಗುಂಡಿ ಅಜ್ಜಿ ಸೂಜಿ ಬಿಟ್ಟು ಮುಂದಕ್ಕೆ ಬಾಗಿದಳು.

"ಇವತ್ತು ಬೇಡ ಅಂತೀನಿ. ನಾಳೆಯೂ ಅಂತೀನಿ. ನೀನು ಕೇಳು, ನಾನು ಬೇಡ ಅನ್ನೋದು. ನನ್ನ ಎದುರು ನಿಂತು ಕೇಳು. ಯಾವತ್ತು ನನ್ನ ಬಾಯಲ್ಲಿ ಬೇರೆ ಮಾತು ಬರುತ್ತೋ, ಬರುತ್ತೋ ಇಲ್ಲವೋ, ನನಗೂ ಗೊತ್ತಿಲ್ಲ."

ಇಸ್ತ್ರಿಯವನು ಬಾಗಿಲಿಗೆ ಬಂದು ನಿಂತಿದ್ದ. ಒಂದು ಕೈಯಲ್ಲಿ ಅವನ ಗಂಟು, ಇನ್ನೊಂದರಲ್ಲಿ ಗಿಣಿಯ ಹಸಿರು ಚೀಲ. ಬೆಳಿಗ್ಗೆಯೇ ಅವನ ಹತ್ತಿರ ಸೇರಿಸಿಬಿಟ್ಟಿದ್ದಳು ನನ್ನ ಸೊಸೆ! ಅಕ್ಕ ಚೀಲ ನೋಡಿದಳು. ತಾನೇ ಹೊಲಿದುಕೊಟ್ಟ ಚೀಲ.

"ನೀನು ಬಸ್ಸಿಗೆ ಹೋಗ್ಲೇಬೇಕಾ?"

"ಕೆಲಸಕ್ಕೆ ಒಪ್ಪಿಕೊಂಡಿದ್ದೀನಿ ಅಕ್ಕಾವ್ರೇ."

"ಹೋಗು, ಒಪ್ಪಿಕೊಂಡ ಮಾತು ಬಿಡಬೇಡ. ರಜೆ ಸಿಕ್ಕಾಗ ಬಂದು ನನ್ನ ಹತ್ರ ಬೈಸಿಕೊಂಡು ಹೋಗು. ಬಾರದೇ ಹೋದರೆ ನನಗೂ ಒಂದು ಉತ್ತರ ಸಿಕ್ಕ ಹಾಗಾಯ್ತು." ಆಮೇಲೆ ಮಗಳ ಕಡೆ ತಿರುಗದೆ, "ಬಸ್ ಸ್ಟ್ಯಾಂಡಿನವರೆಗೂ ಬಿಟ್ಟು ಬರೋದಾದ್ರೆ ಹೋಗು. ನಾನು ಹಿಂದೆ ಬರಲ್ಲ. ಯಾರನ್ನೂ ಕಳಿಸೋದೂ ಇಲ್ಲ," ಎಂದಳು.

ಇಬ್ಬರೂ ಮೆಟ್ಟಿಲಿಳಿದ ಸದ್ದು ಕೇಳಿತು. ಹಸಿರು ಚೀಲವೂ ಅವರ ಜೊತೆಗೇ ಹೋಯಿತು.

"ಚೀಲ ಕೊಟ್ಟು ಕಳಿಸಿದೆಯಲ್ಲೇ!" ಎಂದಳು ಕಾಲರಕ್ಕ. ಅಕ್ಕ ಮೇಜಿಗೆ ತಿರುಗಿದಳು. ಕೆಟ್ಟ ಬಟ್ಟೆಯ ಹಲ್ಲುಗಳನ್ನು ಒಂದೊಂದಾಗಿ ಸವರಿ ಸರಿಮಾಡತೊಡಗಿದಳು. ಮಾಲೀಕರು ಸ್ವಿಚ್ಚು ಹಾಕಿದರು, ಯಾರೂ ಮಷೀನು ತುಳಿಯಲಿಲ್ಲ. ಮಾಲೀಕರೂ ಒಂದು ಸ್ಟೂಲು ಎಳೆದುಕೊಂಡು ಕೂತರು. ನಾನು ಆ ಹೊತ್ತಿನಲ್ಲಿ ಮುದುಕನಾಗಿ, ಸತ್ತು, ಮತ್ತೆ ಹುಟ್ಟಿ ಬಂದೆ.

ಬಿಸಿಲು ಇಳಿದ ಮೇಲೆ ದೂರದಲ್ಲಿ ಬಸ್ಸಿನ ಹಾರನ್ನು ಕೂಗಿತು. ಹೊರಡುವಾಗ ಮಾತ್ರ ಹಾಗೆ ಉದ್ದಕ್ಕೆ ಕೂಗುತ್ತದೆ. ಅಕ್ಕ ಕಣ್ಣು ಮುಚ್ಚಿದಳು, ಕತ್ತರಿ ಎತ್ತುವ ಮುಂಚೆ ಮುಚ್ಚುವ ಹಾಗೆ. ಆದರೆ ಕತ್ತರಿ ಎತ್ತಲಿಲ್ಲ. ತುಟಿ ಅಲುಗುತ್ತಿತ್ತು. ಗುಂಡಿ ಅಜ್ಜಿ ಅವಳ ಬೆನ್ನ ಮೇಲೆ ಕೈಯಿಡಲು ಎದ್ದು, ಧೈರ್ಯ ಸಾಲದೆ ಅಲ್ಲೇ ನಿಂತಳು. ಕಾಲರಕ್ಕನೂ ಪ್ರಾರ್ಥನೆಗೆ ಕೈ ಜೋಡಿಸಿದ್ದಳು. ಏನು ಬೇಡಿಕೊಂಡಳೋ, ನನಗೆ ಹೇಳಲಿಲ್ಲ.

ಬಹಳ ಹೊತ್ತಿನ ಮೇಲೆ ಮೆಟ್ಟಿಲ ಮೇಲೆ ಒಂದು ಜೊತೆ ಹೆಜ್ಜೆ ಸದ್ದು.

ಗಿಣಿ ಒಳಗೆ ಬಂದಳು. ಚೀಲವನ್ನು ಮೇಜಿನ ಕೆಳಗೆ ದೊಪ್ಪನೆ ಹಾಕಿ, ಬಗ್ಗಿ ಉರುಳಿದ್ದ ಗುಂಡಿಗಳನ್ನು ಆರಿಸಿಕೊಂಡು, ತನ್ನ ಜಾಗದಲ್ಲಿ ಕೂತಳು. ಕಣ್ಣು ಊದಿಕೊಂಡಿತ್ತು. ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಕೇಳಿದಳು.

"ಅಮ್ಮ, ಒಪ್ಪಿಗೆನಾ?"

"ಬೇಡ ಅಂದೆನಲ್ಲ."

"ಸರಿ. ನಾಳೆ ಕೇಳ್ತೀನಿ."

"ಕೇಳು," ಎಂದಳು ಅಕ್ಕ, ಕತ್ತರಿ ಎತ್ತಿಕೊಳ್ಳುತ್ತ.