ಮಾರಾಯ್ತಿ ಎಂದ ತಪ್ಪಿಗೆ

ದೆಹಲಿಯಲ್ಲಿ ಬೆಳೆದ ನಟಿ ದಿವ್ಯಶ್ರೀ ಆತ್ಮಕಥೆ ಬರೆದಿದ್ದಾಳೆ. ಅದರಲ್ಲಿ ಒಂದಿಡೀ ಅಧ್ಯಾಯ ನನ್ನ ಬಗ್ಗೆ. ಹಿಂದೊಮ್ಮೆ ನಮ್ಮ ಶಿವಮೊಗ್ಗದ ಹತ್ತಿರದ ಗಾಜನೂರಿನಲ್ಲಿ ಅವಳ ಸಿನಿಮಾ ಶೂಟಿಂಗ್ ನಡೆದಾಗ, ಸಂಭಾಷಣೆ ಹೇಳಿಕೊಡಲು ನನ್ನನ್ನು ಕರೆಸಿದ್ದರು. ಅವಳಿಗೆ ‘ಳ’ ಹೊರಳುತ್ತಲೇ ಇರಲಿಲ್ಲ. “ಇನ್ನೊಂದ್ಸಲ ಹೇಳು ಮಾರಾಯ್ತಿ!” ಎಂದು ರೇಗಿದ್ದೆ. ಪುಸ್ತಕದಲ್ಲಿ ಅದು ಹೀಗಾಗಿದೆ: “ಅವರು ನನ್ನನ್ನು ಮಹಾರಾಣಿ ಎಂದರು. ಆ ಪ್ರೀತಿಯನ್ನು ಮೌನವಾಗಿ ಸ್ವೀಕರಿಸಿದೆ.”

ನಮ್ಮ ಕಡೆ ಬಸ್ಸು ತಪ್ಪಿದರೂ ಮಾರಾಯ, ಹಾಲು ಉಕ್ಕಿದರೂ ಮಾರಾಯ್ತಿ. ಇದು ಶಿವಮೊಗ್ಗದವರಿಗೆಲ್ಲ ಗೊತ್ತು. ಗೊತ್ತಿದ್ದೂ ನಾನು ಅವಳನ್ನು ಪ್ರೀತಿಸಿದ್ದೆ ಎಂದು ನಂಬಿದ್ದಾರಲ್ಲ, ಅದೇ ನನಗೆ ತಲೆಬುಡ ಅರ್ಥವಾಗದ್ದು. ಕಾದಂಬರಿಕಾರ ವಿಶ್ವಾರಾಧ್ಯ ಎಂದರೆ ಮುಖ ಸಿಂಡರಿಸಿಕೊಂಡು ಕಾರ್ಖಾನೆ, ಕಾರ್ಮಿಕರು ಅಂತ ಬರೆಯುವವನು ಎಂದು ನನಗಿದ್ದ ಹೆಸರು ಒಂದೇ ವಾರದಲ್ಲಿ ಹೋಯಿತು. ಭದ್ರಾವತಿಯ ಓಲ್ಡ್ ಟೌನಿನ ಸಭೆಯೊಂದರಲ್ಲಿ ಕಾಲೇಜು ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ನಿಮ್ ಕಾದಂಬರೀಲಿ ಕುಲುಮೆ ಉರೀತಿರುತ್ತಲ್ಲ, ಅದು ನಿಮ್ಮ ವಿರಹನಾ?”

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ನನ್ನ ಪುಸ್ತಕಕ್ಕೆ ಅಷ್ಟು ಜೋರು ಚಪ್ಪಾಳೆ ಯಾವತ್ತೂ ಬಿದ್ದಿರಲಿಲ್ಲ. ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಆ ಪುಟ ತೆರೆದು ಓದಿದೆ. ಹಾಳಾದ್ದು, ನನಗೂ ಸ್ವಲ್ಪ ವಿರಹದಂತೆಯೇ ಕಂಡಿತು!

ಊರು ಏನಾದರೂ ಅಂದುಕೊಳ್ಳಲಿ. ನನಗಿದ್ದ ಹೆದರಿಕೆ ಹೆಂಡತಿ ವಿದ್ಯಾಶ್ರೀಯದು. ಆ ಪುಸ್ತಕ ಓದಿದಾಗಿನಿಂದ ಅವಳು ನನ್ನೊಡನೆ ಸರಿಯಾಗಿ ಮಾತಾಡಿರಲಿಲ್ಲ. ನವುಲೆಯ ನಮ್ಮ ಮನೆಗೆ ಬಂದಾಗ ಹುರುಳಿಕಾಯಿ ಸೋಸುತ್ತಾ ಕುಳಿತಿದ್ದಳು.

“ಅದೆಲ್ಲ ಸುಳ್ಳು ಕಣೇ,” ಎಂದೆ. “ಮಾರಾಯ್ತಿ ಅಂತ ನಾನು ಯಾರಿಗೆ ಅನ್ನಲ್ಲ ಹೇಳು? ಸೊಪ್ಪು ಮಾರೋ ಕಾಶಮ್ಮಂಗೂ ಅಂತೀನಿ, ಬ್ಯಾಂಕ್ ಮೇಡಮ್‌ಗೂ ಅಂತೀನಿ.”

“ಗೊತ್ತು ಕಣ್ರೀ. ಅವಳು ಬರೆದಿದ್ದನ್ನ ನಾನೇನು ನಂಬಿಲ್ಲ.”

“ಮತ್ಯಾಕೆ ಮುಖ ಊದಿಸ್ಕೊಂಡಿದೀಯ?”

ಅವಳು ಕಾಯಿಯ ನಾರು ತೆಗೆಯುವುದನ್ನು ನಿಲ್ಲಿಸಿದಳು. “ಎಲ್ಲರಿಗೂ ಅಂತೀರ. ನನಗೆ ಒಂದಿನ ಅಂದಿದೀರಾ?”

ನೆನಪು ಮಾಡಿಕೊಂಡೆ. ಏ, ಇವಳೇ, ಕೇಳಿಸ್ತಾ ಎಂದೇ ಇಷ್ಟು ವರ್ಷ ಕರೆದಿದ್ದೆ. ನಾಚಿಕೆಯಾಯಿತು. ಆ ಪದ ನಾಲಿಗೆ ತುದಿಗೆ ಬಂತು. ಆದರೆ ಈಗ ಅಂದರೆ ಅದು ದಿವ್ಯಶ್ರೀಯ ಪುಸ್ತಕದ ಮಾತಾಗುತ್ತದಲ್ಲ?

“ಇವಳೇ...” ಎಂದೆ.

“ಹೂಂ, ಹೇಳಿ,” ಎಂದು ಕಾದಳು.