ಎಡಗೈಗೆ ಒಂದು ಬಾಗಿಲು

ಬಸ್ಸಿನ ಕಿಟಕಿಯಾಚೆ ತೆಂಗಿನ ಸಾಲು ಹಿಂದಕ್ಕೆ ಜಾರುತ್ತಿದೆ, ಗುಬ್ಬಿ ದಾಟಿದ್ದು ಯಾವಾಗಲೋ, ಎರಡು ಮರಗಳ ನಡುವಿನ ಬೆಳಕೆಲ್ಲ ಬಾಗಿಲಾಗಿ ಕಾಣುತ್ತಿದೆ, ತೆರೆದು ಮುಚ್ಚಿ, ತೆರೆದು ಮುಚ್ಚಿ — ನನಗೆ ಬಾಗಿಲಿನ ಹುಚ್ಚು ಹಿಡಿದಿದೆ, ಬೆಳಿಗ್ಗೆ ಅಮ್ಮ ರೊಟ್ಟಿ ತಟ್ಟುತ್ತಾ ಏನೇ ದೀಪಿಕಾ, ಒಬ್ಳೇ ಮಾತಾಡ್ಕೊತಿದೀಯ ಅಂದಳು, ಮಾತಲ್ಲಮ್ಮ ಪ್ರೋಗ್ರಾಂ ಅಂದೆ, ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಕಂಪ್ಯೂಟರಿನ ಕ್ಯಾಡ್‌ನಲ್ಲಿ ಮನೆಯ ನಕ್ಷೆ ಬಿಡಿಸುವುದನ್ನು ಕಾಲೇಜಿನಲ್ಲಿ ಕಲಿಸಿದರು, ಆ ಕ್ಯಾಡ್‌ಗೇ ನಾವು ಹೊಸ ಕೆಲಸ ಕಲಿಸಬಹುದು ಅಂತ ಯಾರೂ ಹೇಳಲಿಲ್ಲ, ಅದನ್ನು ಈ ಬಸ್ಸಿನಲ್ಲೇ ಫೋನಿನ ವಿಡಿಯೋ ನೋಡಿ ಕಲಿತೆ, ಗೋಡೆಯ ಮೇಲೆ ಒಂದು ಕಡೆ ಮುಟ್ಟಿದರೆ ಸಾಕು, ನೀನೇ ಗೋಡೆ ಕತ್ತರಿಸು, ಬಾಗಿಲು ನಿಲ್ಲಿಸು, ಅದು ತೆರೆಯುವ ದಿಕ್ಕು ತೋರಿಸುವ ಕಮಾನು ಗೆರೆ ಎಳೆ — ಇಷ್ಟೇ, ಇಷ್ಟು ಅದಕ್ಕೆ ತಿಳಿಯಬೇಕಾದರೆ ನನ್ನ ಜೀವ ಹೋಯಿತು, ನಿನ್ನೆ ಬಾಗಿಲು ಗೋಡೆ ಬಿಟ್ಟು ನಡುಮನೆಯಲ್ಲಿ ಬಿದ್ದುಕೊಂಡಿತ್ತು, ಊಟ ಮಾಡಿ ಮಲಗಿದ ನೆಂಟನ ಹಾಗೆ, ಇವತ್ತಾದರೂ ನಿಲ್ಲುತ್ತದೆಯೇ, ಇವತ್ತು ಶನಿವಾರ, ಇವತ್ತು ಬಿಟ್ಟರೆ ಇಲ್ಲ.

ದಾಕ್ಷಾಯಣಿ ಅಕ್ಕ. ಬಟವಾಡಿಯ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿ, ನಾನು ಸೇರಿದ ದಿನ ನನ್ನ ಕೈ ಮೇಲೆ ತನ್ನ ಕೈಯಿಟ್ಟು ಮೌಸ್ ಓಡಿಸಿದವಳು, ಹೆದರ್ಬೇಡ ಕಣೇ, ತಪ್ಪಾದ್ರೆ ಅಳಿಸಿದ್ರಾಯ್ತು ಅಂದವಳು, ಆ ಕೈ ಬೆಚ್ಚಗಿತ್ತು — ಕುಣಿಗಲ್‌ನಿಂದ ಬರುವಾಗ ಹೆಬ್ಬೂರಿನ ಹತ್ತಿರ ಸ್ಕೂಟರ್ ಜಾರಿ ಅದೇ ಕೈ ಮೇಲೆ ಬಿದ್ದಳು, ಮೂಳೆ ಕೂಡಿತು, ಬೆರಳು ಮಡಚುತ್ತಿಲ್ಲ, ಈಗ ಎಡಗೈಯಲ್ಲಿ ಮೌಸ್, ಒಂದು ಬಾಗಿಲಿಗೆ ಹತ್ತಾರು ಸಲ ಒತ್ತಬೇಕು, ಒತ್ತಿದಾಗಲೆಲ್ಲ ಗೆರೆ ಎಲ್ಲೋ ಹೋಗುತ್ತದೆ, ಆಫೀಸಿನ ಯಜಮಾನರು ಚನ್ನೇಶ್ ಸರ್ ಕೆಟ್ಟವರಲ್ಲ, ಸೋಮವಾರದಿಂದ ನೀವು ನಕ್ಷೆ ಬಿಟ್ಟು ಬರೋ ಫೋನ್ ನೋಡ್ಕೊಳಿ ಮೇಡಂ, ಸಂಬಳ ಅಷ್ಟೇ ಇರತ್ತೆ ಅಂದರು, ಅಕ್ಕ ಹೂಂ ಸಾರ್ ಅಂದಳು, ಆ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಯೇ ಇತ್ತು.

ಬಟವಾಡಿ ಬಂತು, ಆಟೋಗಳ ಹಾರನ್, ಮೆಟ್ಟಿಲು, ಕುರ್ಚಿ — ಅಕ್ಕಾ, ಎಡಗೈಯಲ್ಲಿ ಕೀಬೋರ್ಡಿನ ಡಿ ಎರಡು ಸಲ ಒತ್ತು, ಆಮೇಲೆ ಗೋಡೆ ಮುಟ್ಟು, ಏನೇ ಇದು, ಒತ್ತು ಅಕ್ಕಾ, ಒತ್ತಿದಳು, ಮುಟ್ಟಿದಳು, ಗೋಡೆ ನೀರಿನ ಹಾಗೆ ಸೀಳಿ ಬಾಗಿಲು ನಿಂತೇಬಿಟ್ಟಿತು, ಆದರೆ ಥೂ ಹುಚ್ಚಿ, ಬಚ್ಚಲು ಬಾಗ್ಲು ಬೀದಿಗೆ ತೆಗ್ದಿದೀಯಲ್ಲೇ ಅಂದು ಅಕ್ಕ ನಗುತ್ತಿದ್ದಾಳೆ, ಬಿದ್ದ ಮೇಲೆ ಇದೇ ಮೊದಲು ಅವಳು ಹೀಗೆ ನಗುವುದು, ಎಲ್ಲಿ ತಪ್ಪಿತು, ಪ್ರೋಗ್ರಾಂನಲ್ಲಿ ಪ್ಲಸ್ ಇರಬೇಕಾದಲ್ಲಿ ಮೈನಸ್, ಅಷ್ಟೇ, ತಿದ್ದಿದೆ, ಈಗ ಒತ್ತಕ್ಕಾ — ಒಳಕ್ಕೆ ತೆರೆಯಿತು, ಅಕ್ಕ ಮತ್ತೆ ಒತ್ತಿದಳು, ಅಡುಗೆಮನೆಗೆ ಒಂದು, ದೇವರಮನೆಗೆ ಒಂದು, ಮಹಡಿಗೆ, ಗೆರೆ ನಡುಗಲಿಲ್ಲ, ಇಡೀ ಮನೆ ಉಸಿರಾಡುತ್ತಿದೆ ಅನ್ನಿಸುತ್ತಿದೆ, ಹಿಂದೆ ಟೀ ಲೋಟ ಹಿಡಿದು ಚನ್ನೇಶ್ ಸರ್ ಯಾವಾಗ ಬಂದು ನಿಂತರೋ, ನಮ್ಮನ್ನು ನೋಡದೆ ಪರದೆಯನ್ನೇ ನೋಡುತ್ತಾ ಆ ಸ್ಕೂಲ್ ಬಿಲ್ಡಿಂಗ್ ಪ್ಲಾನು ದಾಕ್ಷಾಯಣಿಯವ್ರೇ ಮಾಡ್ಲಿ, ಅದ್ರಲ್ಲಿ ಬಾಗ್ಲು ಜಾಸ್ತಿ ಅಂದು ಹೋದರು.

ನಾನು ಅಳಬಾರದು, ಅಕ್ಕ ಅಳುತ್ತಾಳೆ ಅಂದುಕೊಂಡೆ, ಇಲ್ಲ, ಅವಳು ಮೌಸ್ ಆಚೆ ತಳ್ಳಿದಳು, ಇದ್ನ ಎಲ್ಲಿ ಬರ್ದಿದೀಯ ತೋರ್ಸು ಅಂದಳು, ತೋರಿಸಿದೆ, ಬಾಗ್ಲು ನಿಂದಾಯ್ತು, ಕಿಟಕಿ ಪ್ರೋಗ್ರಾಂ ನಾನು ಬರೀತೀನಿ, ಅಯ್ಯೋ ಅಕ್ಕಾ ನಾನೇ ಬರ್ಕೊಡ್ತೀನಿ, ಸುಮ್ನಿರೇ, ನೀನು ಎಷ್ಟಂತ ಬರ್ಕೊಡ್ತೀಯ — ಕೀಬೋರ್ಡ್ ಎದೆಯ ಹತ್ತಿರಕ್ಕೆ ಎಳೆದುಕೊಂಡಳು, ಬಲಗೈ ತೊಡೆಯ ಮೇಲೆ ನಿದ್ದೆ ಹೋದ ಹಾಗಿದೆ, ಎಡಗೈಯ ಒಂದೇ ಬೆರಳು ಅಕ್ಷರಗಳ ಮೇಲೆ ಸುಳಿಯುತ್ತಿದೆ, ಮೊದಲ ಅಕ್ಷರ ಯಾವುದು ಅಂತ ಹೇಳಲಾ, ಬೇಡ, ಸುಳಿಯುತ್ತಿದೆ, ಎಲ್ಲಿಯೂ ಇಳಿಯದೆ, ಆ ಬೆರಳು, ಇನ್ನೂ ಗಾಳಿಯಲ್ಲೇ, ಆ ಒಂದು ಬೆರಳು…